ಹಗುರ ಗನ್ನಿನ ಬೆಸುಗೆ

ಬನ್ನಿ ಹಬ್ಬದ ಬೆಳಿಗ್ಗೆ, ಬಿಸಿಲು ಅಂಗಡಿಯ ತಗಡಿನ ಮೇಲೆ ಪೂರ್ತಿ ಏರುವ ಮುಂಚೆ, ನಾನು ಕಬ್ಬಿಣದ ಚಾನೆಲ್ಲುಗಳನ್ನು ಒಟ್ಟಿದ ರಾಶಿಗೆ ಬೆನ್ನು ಕೊಟ್ಟು ನಿಂತಿದ್ದೆ. ಟ್ರ್ಯಾಕ್ಟರು ನನ್ನ ಮುಂದೆಯೇ ಅಂಗಳದಿಂದ ರಸ್ತೆಗೆ ಹೋಗುವ ಏರಿಯನ್ನು ಹತ್ತುತ್ತಿತ್ತು. ಅದರ ಹಿಂದಿನ ದೊಡ್ಡ ಗಾಲಿಗೂ ನನಗೂ ನಡುವೆ ಒಂದು ಮಾರು ಜಾಗ, ಅದಕ್ಕಿಂತ ಹೆಚ್ಚಿಲ್ಲ. ನಾನಿದ್ದದ್ದು ಎಡಗಡೆ. ಉಳಿದ ಮಂದಿ ಬಲಗಡೆ ಇದ್ದರು, ಇಲ್ಲವೇ ಕೆಳಗೆ ಅಂಗಡಿಯ ಬಾಗಿಲಲ್ಲಿದ್ದರು. ಎಡಗಡೆ ನಾನೊಬ್ಬನೇ.

ಯಾಕೆ ಅಲ್ಲಿ ನಿಂತಿದ್ದೆ ಎಂಬುದನ್ನೂ ಹೇಳಬೇಕು. ಬಲಗಡೆಯವರೆಲ್ಲ ಟ್ರೇಲರಿನ ಮುಂದಕ್ಕೆ ಚಾಚಿದ ಮೂತಿಯ ಮೇಲೆ ನಿಂತವನ ಮುಖ ನೋಡಲು ನಿಂತಿದ್ದರು. ನನಗೆ ಆ ಮುಖ ಬೇಕಿರಲಿಲ್ಲ. ಅದು ಕಾಣದ ಕಡೆ ಹೋಗಿ ನಿಂತೆ. ಹಾಗಾಗಿ ನನಗೆ ಟ್ರ್ಯಾಕ್ಟರಿನ ಹಿಂದಿನ ಹುಕ್ಕು ಕಂಡಿತು.

ನಮ್ಮ ಅಂಗಡಿ ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಗೆ ಇದೆ. ರಸ್ತೆ ಎತ್ತರ, ಅಂಗಳ ತಗ್ಗು. ನಡುವೆ ಮುರುಮು ಮಣ್ಣು ಹಾಕಿ ಬಡಿದ ಏರಿ. ಏರಿಯ ಹೊಟ್ಟೆಯೊಳಗೆ ಮಳೆನೀರು ಹಾಯಲು ಒಂದು ಸಿಮೆಂಟಿನ ಕೊಳವೆ. ಮೇಲಿನ ಮುರುಮು ಸವೆದು ಕೊಳವೆಯ ಬೆನ್ನು ಹೊರಗೆ ಬಿದ್ದಿತ್ತು, ಒಂದು ಕಡೆ ಒಡೆದು ತೂತೂ ಆಗಿತ್ತು. ನಾವು ಮಾಡುವುದು ಟ್ರ್ಯಾಕ್ಟರಿನ ಟ್ರೇಲರು. ಅಂಗಡಿಯ ಮಾಲೀಕರು ವಯಸ್ಸಾದವರು, ಹಣೆಯ ಮೇಲಿನ ವಿಭೂತಿ ಅಳಿಯುವ ಮುಂಚೆ ಅಂಗಡಿಗೆ ಬಂದು ಕೂಡುವವರು. ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಅವರ ಕೈಕೆಳಗೆ ನಾನು ಹಳೆಯ ಮಿಸ್ತ್ರಿ. ಹೊಸ ಮಿಸ್ತ್ರಿ ಕಲಘಟಗಿಯವನು. ಅಂಗಡಿಯಲ್ಲಿ ಎಲ್ಲರೂ ಅವನನ್ನು ಕಲಘಟಗಿಯವ ಎಂದೇ ಕರೆಯುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಒಂದು ಟ್ರೇಲರಿನಲ್ಲಿ ಬೆಸುಗೆ ಎಷ್ಟೋ ಕಡೆ ಬೀಳುತ್ತದೆ. ಆದರೆ ಮಾನಕ್ಕೆ ಬರುವ ಬೆಸುಗೆ ಒಂದೇ. ಮೂತಿಯ ತುದಿಯಲ್ಲಿ ಒಂದು ದಪ್ಪ ಉಂಗುರ ಇರುತ್ತದೆ. ಅದನ್ನು ಟ್ರ್ಯಾಕ್ಟರಿನ ಹುಕ್ಕಿನೊಳಗೆ ಇಟ್ಟು, ಮೇಲಿನಿಂದ ಪಿನ್ನು ಇಳಿಸಿ, ಪಿನ್ನು ಹಾರದಂತೆ ಕೆಳಗೆ ಕ್ಲಿಪ್ಪು ಸಿಗಿಸುತ್ತಾರೆ. ತುಂಬಿದ ಟ್ರೇಲರಿನ ಭಾರವೆಲ್ಲ ಆ ಉಂಗುರದ ಮೇಲೆ. ನಮ್ಮ ಅಂಗಡಿಯಲ್ಲಿ ಸಾವ್ಕಾರ್ರು ಹಾಕಿದ ಒಂದು ಪದ್ಧತಿ ಇತ್ತು. ಟ್ರೇಲರು ಮೊದಲ ಸಲ ಏರಿ ಹತ್ತಿ ರಸ್ತೆಗೆ ಬರುವಾಗ, ಉಂಗುರದ ಬೆಸುಗೆ ಹಾಕಿದ ಮಿಸ್ತ್ರಿ ಮೂತಿಯ ಮೇಲೆ ನಿಲ್ಲಬೇಕು.

"ಬೆಸಗಿ ಹಾಕಿದಾವ ಅದರ ಮ್ಯಾಲ ನಿಂದ್ರಬೇಕು. ನಿಂದ್ರಾಕ ಅಂಜಾವ ಹಾಕಬಾರದು" ಎನ್ನುತ್ತಿದ್ದರು.

ಕೊಂಡವರ ಮನೆಯ ಹಿರಿಯ ಹೆಂಗಸು ಮೊದಲು ಉಂಗುರಕ್ಕೆ ಕುಂಕುಮ ಹಚ್ಚಿ, ಆಮೇಲೆ ಆ ಮಿಸ್ತ್ರಿಯ ಹಣೆಗೆ ಹಚ್ಚಿ, ಹೆಗಲಿಗೆ ಟವೆಲ್ಲು ಹಾಕುವಳು. ಗದಗಿನ ಕಡೆಯಿಂದ ಬಂದವರೂ ಈ ಪದ್ಧತಿ ನೋಡಿ ನಮ್ಮಲ್ಲೇ ಟ್ರೇಲರು ಮಾಡಿಸಿದ್ದುಂಟು. ಆ ಬನ್ನಿಯ ಟ್ರೇಲರಿನ ತನಕ ಆ ಉಂಗುರ ನನ್ನದು. ಆ ಟವೆಲ್ಲುಗಳಲ್ಲೇ ನನ್ನ ಮನೆ ಮಂದಿ ಮೈ ಒರೆಸಿಕೊಂಡು ಬೆಳೆದರು.

ಅವನು ತೊಟ್ಟಿಲು ಮಾಡುವ ಮನೆತನದವನು. ಅವರಪ್ಪ ಬಣ್ಣದ ತೊಟ್ಟಿಲು ಮಾಡುತ್ತಿದ್ದ, ಅಣ್ಣಂದಿರು ಈಗಲೂ ಮಾಡುತ್ತಾರೆ. ಇವನೊಬ್ಬ ಕಟ್ಟಿಗೆ ಬಿಟ್ಟು ಕಬ್ಬಿಣಕ್ಕೆ ಬಂದ. ಬಂದ ಹೊಸದರಲ್ಲಿ ನನಗೆ ಅವನ ಮೇಲೆ ಏನೂ ಇರಲಿಲ್ಲ. ಬಾಯಿ ಜೋರು, ಕೆಲಸ ಮಾಡುತ್ತಲೇ ಹಾಡುತ್ತಾನೆ, ತನ್ನ ಬೆಸುಗೆಯನ್ನು ತಾನೇ ಹೊಗಳುತ್ತಾನೆ. "ಕಾಕಾ, ಇಲ್ಲಿ ನೋಡ್ರಿ, ಹೊಸಾ ಮದಲಗಿತ್ತಿ ಹೆರಳ ಹೆಣದಂಗ ಬಂದೈತಿ" ಎಂದು ಕರೆದು ತೋರಿಸುತ್ತಿದ್ದ. ನಾನು ಹೋಗಿ ನೋಡುತ್ತಿದ್ದೆ. ನಿಜಕ್ಕೂ ಹೆರಳು ಹೆಣೆದ ಹಾಗೇ ಇರುತ್ತಿತ್ತು. ನನ್ನ ಬೆಸುಗೆ ಗಟ್ಟಿ, ಇವತ್ತಿನ ತನಕ ಒಂದೂ ಬಿಟ್ಟಿಲ್ಲ. ಆದರೆ ಅದನ್ನು ಯಾರೂ ಯಾರಿಗೂ ಕರೆದು ತೋರಿಸುವುದಿಲ್ಲ.

ಹೊಟ್ಟೆಕಿಚ್ಚು ಯಾವಾಗ ಹತ್ತಿತು ಎಂದು ನನಗೆ ಗೊತ್ತು. ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಾಗ ಅವನು ಊರಿಗೆ ಹೋಗಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಒಂದು ತೊಟ್ಟಿಲು ತಂದ. ಕೆಂಪು, ಹಳದಿ, ಹಸಿರು, ಗಿಳಿಗಳ ಸಾಲು. ನಮ್ಮ ಪಡಸಾಲೆಯ ಜಂತಿಗೆ ತಾನೇ ಹಗ್ಗ ಕಟ್ಟಿ, ಎತ್ತರ ನೋಡಿ, ಒಂದು ಬೆರಳಿನಿಂದ ತೂಗಿ ತೋರಿಸಿದ. ನನ್ನ ಹೆಂಡತಿ ಅವನಿಗೆ ಮಾದಲಿ ಬಡಿಸುತ್ತ, "ನೋಡ್ರಿ, ಕೈಯಾಗ ಕಲಾ ಇರೂದಂದ್ರ ಹಿಂಗ" ಎಂದಳು. ಹೇಳಿದ್ದು ನನಗೆ. ಆ ದಿನದಿಂದ ನನ್ನ ಮನೆಯ ನಡುವೆಯೇ ಅವನ ಕೈಕೆಲಸ ತೂಗಾಡತೊಡಗಿತು. ಮೊಮ್ಮಗಳು ಅತ್ತಾಗ ನಾನೇ ಎದ್ದು ಅದನ್ನು ತೂಗುತ್ತಿದ್ದೆ. ಚೆನ್ನಾಗಿ ತೂಗುತ್ತಿತ್ತು, ಸಪ್ಪಳವೇ ಇಲ್ಲ. ಅದೂ ನನಗೆ ಹಿಡಿಸುತ್ತಿರಲಿಲ್ಲ.

ಹಿಂಗಾರಿ ಬಿತ್ತನೆಯ ಮುಂಚೆ, ಟ್ರೇಲರುಗಳಿಗೆ ಕರೆ ಬರುವ ಹೊತ್ತಿನಲ್ಲಿ, ನಮ್ಮ ಹಳೆಯ ಗನ್ನು ಕೆಟ್ಟಿತು. ನಾವು ಗನ್ನು ಎನ್ನುವುದು ಬೆಸುಗೆ ಹಾಕುವ ಮಿಗ್ ಮಷೀನಿನ ಕೈಹಿಡಿಯನ್ನು. ಮಷೀನಿನಿಂದ ಉದ್ದನೆಯ ಕೇಬಲ್ಲು ಬರುತ್ತದೆ. ಅದರೊಳಗೇ ಬೆಸುಗೆಯ ತಂತಿ, ಗ್ಯಾಸು, ಕರೆಂಟು ಮೂರೂ ಬರುತ್ತವೆ. ತುದಿಯಲ್ಲಿ ಹಿಡಿ, ಬೆರಳಿನಿಂದ ಒತ್ತುವ ಕುದುರೆ, ಬಾಗಿದ ಕುತ್ತಿಗೆ. ಕುದುರೆ ಒತ್ತಿದರೆ ಕುತ್ತಿಗೆಯ ಬಾಯಿಂದ ತಂತಿ ಹೊರಬಂದು ಕರಗಿ ಕೂಡುತ್ತದೆ. ಹಳೆಯ ಗನ್ನಿನ ಹಿಡಿ ಒಡೆದು ಟೇಪು ಸುತ್ತಿದ್ದೆವು. ಗಂಟಲಲ್ಲಿ ಮುಳ್ಳು ಸಿಕ್ಕವರ ಹಾಗೆ ತಂತಿ ತಡೆದು ತಡೆದು ಬರುತ್ತಿತ್ತು. ಕೇಬಲ್ಲು ಒಣಗಿದ ಬಳ್ಳಿಯಂತೆ ಸೆಟೆದು, ಅದನ್ನು ಬಾಗಿಸುವುದಕ್ಕೇ ಅರ್ಧ ಬಲ ಹೋಗುತ್ತಿತ್ತು. ನನ್ನ ಬಲಭುಜ ಆಗಲೇ ನೋಯುತ್ತಿತ್ತು. ರಾತ್ರಿ ಹೆಂಡತಿ ಎಣ್ಣೆ ಹಚ್ಚುತ್ತಿದ್ದಳು. ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉಂಗುರ ಕೈಬಿಡುತ್ತದೆ ಎಂದು ಗೊತ್ತಿತ್ತು.

ಹುಬ್ಬಳ್ಳಿಯ ಅಂಗಡಿಯವನು ಎರಡು ಗನ್ನು ತಂದು ಮುಂದಿಟ್ಟ. "ನೀವ ಹಿಡದು ನೋಡಿ ಒಂದು ಇಟಗೋರಿ, ಇನ್ನೊಂದು ನಾ ಒಯ್ತೀನಿ" ಎಂದ. ಒಂದು ದಪ್ಪನೆಯದು, ಹಿಡಿ ಭದ್ರ, ಕೇಬಲ್ಲು ನನ್ನ ಹೆಬ್ಬೆರಳಿಗಿಂತ ದಪ್ಪ. ಇನ್ನೊಂದು ತೆಳ್ಳಗೆ, ಹಿಡಿಯ ಮಧ್ಯೆ ಸೊಂಟದ ಹಾಗೆ ಕಿರಿದು, ಕೇಬಲ್ಲು ಮೆತ್ತಗೆ. ನಾನು ದಪ್ಪನೆಯದಕ್ಕೆ ಕೈ ಹಾಕಿದೆ. ತಾಮ್ರದ ಕೊಡ ಕೊಳ್ಳುವಾಗ ನಮ್ಮವರು ಮೊದಲು ಕೈಯಲ್ಲಿ ಎತ್ತಿ ನೋಡುತ್ತಾರೆ. ತೂಕ ಇದ್ದದ್ದು ಬಾಳಿಕೆ ಬರುತ್ತದೆ. ನಾನು ಕಲಿತದ್ದು ಅದೇ.

ಕಲಘಟಗಿಯವ ತೆಳ್ಳಗಿನದನ್ನು ಎತ್ತಿಕೊಂಡ. ಕುದುರೆಯನ್ನು ಹತ್ತಾರು ಸಲ ಒತ್ತಿ ಬಿಟ್ಟು ಕಿವಿಯಿಟ್ಟು ಕೇಳಿದ. ಕುತ್ತಿಗೆಯನ್ನು ಅಲ್ಲಾಡಿಸಿ ನೋಡಿದ, ಅದು ಅಲ್ಲಾಡಲಿಲ್ಲ. ಕೇಬಲ್ಲನ್ನು ಮಡಚಿ ರಬ್ಬರು ಬಿರಿಯುತ್ತದೆಯೇ ಎಂದು ಉಗುರಿನಿಂದ ನೋಡಿದ. ಕೇಬಲ್ಲು ಹಿಡಿಗೆ ಸೇರುವಲ್ಲಿ ಒಂದು ಗುಂಡು ಕೀಲು ಇತ್ತು. ಕೈ ಹೊರಳಿದ ಕಡೆ ಅದು ಹೊರಳುತ್ತಿತ್ತು. ಅದನ್ನು ಹೊರಳಿಸುತ್ತ ಮಗುವಿನ ಹಾಗೆ ನಕ್ಕ.

"ಇದರ ತುದಿ ಸವದ್ರ ಗದಗಿನ್ಯಾಗ ಸಿಗತಾವೇನ್ರಿ?" ಎಂದು ಕೇಳಿದ.

"ಎಲ್ಲಾ ಕಡೆ ಸಿಗತಾವ."

"ನಮ್ಮ ಮಷೀನು ಇಷ್ಟು ಕರೆಂಟಿನ ಮ್ಯಾಲ ಓಡತೈತಿ. ಅಷ್ಟಕ್ಕ ತಡೀತೈತೇನು? ಎಷ್ಟೊತ್ತು ಸುಡಬೇಕು, ಎಷ್ಟೊತ್ತು ಆರಸಬೇಕು?"

ಹುಬ್ಬಳ್ಳಿಯವನು ಹೇಳಿದ. ನಾನು ನಡುವೆ ಬಾಯಿ ಹಾಕಿದೆ. "ತೆಳ್ಳಗಿದ್ದದ್ದು ಲಗೂನ ಕಾಯತೈತಿ. ಉಂಗುರದ್ದು ದಪ್ಪ ಪ್ಲೇಟು. ನಟ್ಟನಡುವ ಕೈ ಸುಟ್ಟರ ಬೆಸಗಿ ಅರ್ಧಕ್ಕ ಬಿಡತೀಯೇನು?" ಎಂದೆ. ಅದು ಸುಳ್ಳಲ್ಲ. ಹಗುರ ಗನ್ನನ್ನು ಅದರ ಮಿತಿ ಮೀರಿ ಓಡಿಸಿದರೆ ಕಾಯುತ್ತದೆ, ಇವತ್ತೂ ಹೇಳುತ್ತೇನೆ.

"ಮಿತಿ ಮೀರಲ್ಲ ಕಾಕಾ. ಒಂದು ಬಾಜು ಹಾಕಿ ಉಂಗುರ ತಿರುವಿ ಹಾಕೂದ್ರಾಗ ಅದಕ್ಕ ಚಾ ಕುಡಿಯೂ ಅಷ್ಟು ಹೊತ್ತು ಸಿಗತೈತಿ" ಎಂದ.

ಆಗ ನಾನು ತೂಕ ಮಾಡೋಣ ಎಂದೆ. ಬಾಜು ಅಂಗಡಿ ಕಡಲೆ ವ್ಯಾಪಾರಿಯದು, ಅವರ ತಕ್ಕಡಿ ಊರಿಗೆಲ್ಲ ಗೊತ್ತು. ಎರಡೂ ಗನ್ನು ಹೊತ್ತುಕೊಂಡು ಹೋದೆವು. ವ್ಯಾಪಾರಿ ಕಡಲೆ ಚೀಲ ಸರಿಸುತ್ತ, "ಏನ್ ಮಿಸ್ತ್ರಿ, ಇದನ್ನೂ ಕಿಲೋದ ಮ್ಯಾಲ ಮಾರಾಕ ಹತ್ತಿದ್ರೇನು?" ಎಂದರು. ನಾನೇ ಒಂದೊಂದಾಗಿ ಗನ್ನನ್ನು ತಟ್ಟೆಯ ಮೇಲೆ ಇಟ್ಟೆ. ಕೇಬಲ್ಲು ನೆಲದ ಮೇಲೆ ಬಿದ್ದಿತ್ತು. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಬಂತು.

"ನೋಡಲೇ ತಮ್ಮಾ. ಎಲ್ಲೈತಿ ನಿನ್ನ ಹಗುರ?" ಎಂದೆ.

ಅವನು ನಕ್ಕ. "ಕಾಕಾ, ನೀವು ತಲಿ ತೂಗಿದ್ರಿ, ಬಾಲ ನೆಲದ ಮ್ಯಾಲ ಬಿಟ್ರಿ. ಎಮ್ಮಿ ಮಾರಿ ಅಷ್ಟ ತಕ್ಕಡ್ಯಾಗಿಟ್ಟು ಎಮ್ಮಿ ತೂಕ ಹೇಳಿದಂಗಾತು."

ವ್ಯಾಪಾರಿಯ ಹಮಾಲರು ನಕ್ಕರು. ಅವನು ಅಷ್ಟಕ್ಕೇ ಬಿಡಲಿಲ್ಲ. ಸಾವ್ಕಾರ್ರ ಎದುರಿಗೇ ನನ್ನ ಕೈಗೆ ದಪ್ಪನೆಯದನ್ನು ಕೊಟ್ಟು, ಉಂಗುರದ ಎತ್ತರಕ್ಕೆ ಕೈ ಚಾಚಿ ನಿಲ್ಲಿಸಿದ. ನಾನು ನಿಂತೆ. ಕೇಬಲ್ಲು ನೆಲ ಬಿಟ್ಟು ಎದ್ದು ಹಿಡಿಯನ್ನು ಹಿಂದಕ್ಕೆ ಜಗ್ಗತೊಡಗಿತು. ಒಂದು ಬೆಸುಗೆಯ ಹೊತ್ತು ಕೂಡ ಆಗಿರಲಿಕ್ಕಿಲ್ಲ, ಗನ್ನಿನ ಬಾಯಿ ನಡುಗತೊಡಗಿತು. ನಾನು ನೋಡಿದೆ. ಸಾವ್ಕಾರ್ರೂ ನೋಡಿದರು. ಅವನು ಮಾತಾಡದೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತೆಳ್ಳಗಿನದನ್ನು ಇಟ್ಟ. ಅದು ನಡುಗಲಿಲ್ಲ. ಅವನು ಆ ಹೊತ್ತಿಗೆ ಏನಾದರೂ ಕುಚೇಷ್ಟೆ ಮಾಡಿದ್ದರೆ ನಾನು ಜಗಳಾಡುತ್ತಿದ್ದೆ. ಅವನು ಮಾತಾಡದೇ ಇದ್ದದ್ದು ಕೆಟ್ಟದ್ದಾಯಿತು.

ಸಾವ್ಕಾರ್ರು ಹಗುರದ್ದನ್ನೇ ಇಟ್ಟುಕೊಂಡರು. ಅವನು ಮರುದಿನವೇ ಅಂಗಡಿಯ ಮೇಲಿನ ಅಡ್ಡ ಪೈಪಿಗೆ ಒಂದು ಹಗ್ಗ ಕಟ್ಟಿ, ಕೆಳಗೆ ಕೊಕ್ಕೆ ಹಾಕಿ, ಕೇಬಲ್ಲನ್ನು ಅದರಲ್ಲಿ ತೂಗಿಬಿಟ್ಟ. ತೊಟ್ಟಿಲು ಕಟ್ಟುವ ಗಂಟು. ಗನ್ನು ಕೈ ಹೋದ ಕಡೆ ತಾನೇ ಬರುತ್ತಿತ್ತು, ಬಿಟ್ಟರೆ ಎದೆಯ ಮಟ್ಟದಲ್ಲಿ ತೂಗುತ್ತಿತ್ತು. ನನ್ನ ಭುಜಕ್ಕೆ ಅದರಿಂದ ಎಷ್ಟು ಸುಖ ಆಯಿತು ಎಂದು ನಾನು ಅವನಿಗೆ ಹೇಳಲಿಲ್ಲ. ಸಂಜೆ ಕಡಲೆ ವ್ಯಾಪಾರಿಯ ಕಟ್ಟೆಯ ಮೇಲೆ ಕೂತು ಬೇರೆಯೇ ಹೇಳಿದೆ. "ಹಗುರ ಗನ್ನಿನಿಂದ ಹಗುರ ಬೆಸಗಿ ಬೀಳತೈತಿ" ಎಂದೆ. ಮಂದಿ ನಕ್ಕರು. ಮಾತು ಚೆನ್ನಾಗಿತ್ತು, ಅದಕ್ಕೇ ಅದು ನಡೆದುಕೊಂಡು ಊರೊಳಗೆ ಹೋಯಿತು.

ಆ ಸಲದ ಮೊದಲ ಟ್ರೇಲರು ಮೊರಬದ ಒಬ್ಬ ಗೌಡರದು. ಅವರು ಬಂದು ಸಾವ್ಕಾರ್ರ ಮುಂದೆ ಕೂತು, ನಾನು ಕೇಳುವ ಹಾಗೇ, "ಉಂಗುರ ಆ ಕಲಘಟಗಿಯವನ ಕೈಲೆ ಹಾಕಸ್ರಿ. ಮಂದಿ ಕಡೆ ನೋಡೀನಿ ಅವನ ಕೆಲಸ" ಎಂದರು. ಸಾವ್ಕಾರ್ರು ನನ್ನ ಕಡೆ ನೋಡಿದರು. ನನ್ನ ಭುಜದ ಕಡೆ ನೋಡಿದರು ಎಂದರೆ ಹೆಚ್ಚು ಸರಿ. "ಆತ್ರಿ" ಎಂದರು.

ಅವನು ಉಂಗುರ ಹಾಕುವಾಗ ನಾನು ಗಾಳಿಗೆ ತಾಡಪತ್ರಿ ಹಿಡಿದು ನಿಂತಿದ್ದೆ. ನಮ್ಮ ಬಯಲಿನಲ್ಲಿ ಗಾಳಿಗೆ ತಡೆಯಿಲ್ಲ; ಗ್ಯಾಸು ಹಾರಿಹೋದರೆ ಬೆಸುಗೆ ಜಾಲರಿಯಾಗುತ್ತದೆ. ನಾನು ತಾಡಪತ್ರಿಯನ್ನು ಬಿಗಿಯಾಗಿ ಹಿಡಿದಿದ್ದೆ, ಒಂದು ಸಲವೂ ಸಡಿಲ ಬಿಡಲಿಲ್ಲ. ಮುಗಿದ ಮೇಲೆ ಮುಖದ ಕವಚ ಎತ್ತಿ ಅವನ ಬೆಸುಗೆ ನೋಡಿದೆ. ಎಲ್ಲಿಯಾದರೂ ಒಂದು ತೂತು, ಒಂದು ಬಿರುಕು ಇರಲಿ ಎಂದು ನೋಡಿದೆ. ಇರಲಿಲ್ಲ.

ಬನ್ನಿಯ ದಿನ ಗೌಡರ ಮನೆಯವರೆಲ್ಲ ಬಂದರು. ಟ್ರೇಲರಿನೊಳಗೆ ಜೋಳದ ಚೀಲ, ಅದರ ಮೇಲೆ ಭಾರಕ್ಕೆ ನಮ್ಮ ಕಬ್ಬಿಣ. ಗೌಡರ ತಾಯಿ ಉಂಗುರಕ್ಕೆ ಕುಂಕುಮ ಹಚ್ಚಿದಳು, ಅವನ ಹಣೆಗೆ ಹಚ್ಚಿದಳು, ಹೆಗಲಿಗೆ ಟವೆಲ್ಲು ಹಾಕಿದಳು. ನೀಲಿ ಅಂಚಿನ ಬಿಳಿ ಟವೆಲ್ಲು. ಅವನು ಮೂತಿಯ ಮೇಲೆ ಹತ್ತಿ ನಿಂತ. ಟ್ರ್ಯಾಕ್ಟರು ಹೊಡೆಯಲು ಗೌಡರ ಅಳಿಯ, ಅಕ್ಕನ ಮಗ, ಕೂತ. ಪಿನ್ನು ಹಾಕಿದವನೂ ಅವನೇ. ನಾನಾಗ ರಾಶಿಯ ಬಳಿ ಹೋಗಿ ನಿಂತೆ.

ಇನ್ನು ಕಂಡದ್ದನ್ನಷ್ಟೇ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ರಸ್ತೆಯ ಅಂಚನ್ನು ಹತ್ತುವಾಗ ಹುಕ್ಕು ಒಮ್ಮೆ ಜೋರಾಗಿ ಕುಪ್ಪಳಿಸಿತು. ಪಿನ್ನು ಮೇಲಕ್ಕೆ ಹಾರಿತು. ಅದರ ಕೆಳಗಿನ ತೂತಿನಲ್ಲಿ ಕ್ಲಿಪ್ಪು ಇರಲಿಲ್ಲ. ಪಿನ್ನು ಹುಕ್ಕಿನ ಅಂಚಿಗೆ ಬಡಿದು ನನ್ನ ಕಡೆ ಮುರುಮಿನ ಮೇಲೆ ಬಿತ್ತು. ಉಂಗುರ ಹುಕ್ಕಿನಿಂದ ಜಾರಿತು. ಮೂತಿ ನೆಲಕ್ಕೆ ಬಿತ್ತು. ಟ್ರೇಲರು ಹಿಂದಕ್ಕೆ ಉರುಳತೊಡಗಿತು. ಕೆಳಗೆ ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು ನಿಂತಿದ್ದರು. ಉಂಗುರ ಮುರುಮನ್ನು ನೇಗಿಲಿನಂತೆ ಸೀಳುತ್ತ ಹೋಗಿ, ಒಡೆದ ಕೊಳವೆಯ ತೂತಿನೊಳಗೆ ಸಿಕ್ಕಿ ನಿಂತಿತು. ಟ್ರೇಲರು ಅಲ್ಲೇ ನಿಂತಿತು. ಜೋಳ, ಕಬ್ಬಿಣ, ಟ್ರೇಲರು ಎಲ್ಲವೂ ಆ ಇಳಿಜಾರಿನ ಮೇಲೆ ಆ ಒಂದು ಬೆಸುಗೆಗೆ ಜೋತುಬಿದ್ದಿತ್ತು. ಹೆಂಗಸರಿಗೂ ಟ್ರೇಲರಿನ ಹಿಂಭಾಗಕ್ಕೂ ನಡುವೆ ಒಬ್ಬರು ಕೈ ಚಾಚುವಷ್ಟು ಜಾಗ ಉಳಿದಿತ್ತು.

ಅವನು ಬಿದ್ದಿದ್ದ. ಅವನ ಎಡಪಾದ ಮೂತಿಯ ಚಾನೆಲ್ಲಿಗೂ ಕೊಳವೆಯ ಅಂಚಿಗೂ ನಡುವೆ ಇತ್ತು. ಅವನು ಕೂಗಲಿಲ್ಲ. "ಕಾಕಾ" ಎಂದ, ಅಷ್ಟೇ.

ಗಾಲಿಗಳಿಗೆ ಕಲ್ಲು ಕೊಟ್ಟರು. ಜಾಕು ಹಾಕಿದರೆ ಮೂತಿ ಹೊರಳಿ ಪಾದದ ಮೇಲೆ ಇನ್ನೂ ಕೂಡುತ್ತದೆ ಎಂದು ಸಾವ್ಕಾರ್ರು ತಡೆದರು. "ಗ್ಯಾಸ್ ಕಟರ್ ತಾ" ಎಂದರು. ನಾನು ತಂದೆ. ಉಂಗುರ ಮೂತಿಯಿಂದ ಬೇರೆಯಾದರೆ ಮೂತಿ ಎತ್ತಬಹುದಿತ್ತು. ಕತ್ತರಿಸಲು ಎರಡು ಜಾಗ ಇದ್ದವು. ಒಂದು, ಅವನ ಬೆಸುಗೆ. ಅದು ಮೇಲ್ಮುಖವಾಗಿ ನನ್ನ ಕಣ್ಣೆದುರಿಗೇ ಇತ್ತು, ನಿಂತಲ್ಲಿಂದಲೇ ಸುಡಬಹುದಿತ್ತು. ಇನ್ನೊಂದು, ಅದರ ಹಿಂದೆ ಬರಿ ಚಾನೆಲ್ಲು. ಅದಕ್ಕೆ ಮಂಡಿಯೂರಿ, ಕೈ ಬಾಗಿಸಿ, ನೋಯುವ ಭುಜವನ್ನು ಕೆಳಗೆ ತೂರಿಸಬೇಕಿತ್ತು. ಅವನ ಕಾಲಿಗೆ ಒದ್ದೆ ಗೋಣಿ ಸುತ್ತಿ ನಾನು ಮಂಡಿಯೂರಿದೆ. ಚಾನೆಲ್ಲು ತೆಳು, ಲಗೂನೆ ತುಂಡಾಗುತ್ತದೆ. ಆ ಕಾರಣಕ್ಕೇ ಹಾಗೆ ಮಾಡಿದೆ ಎಂದರೆ ನಿಜ. ಅವನ ಬೆಸುಗೆಯನ್ನು ಸುಡಲು ಕೈ ಬರಲಿಲ್ಲ ಎಂದರೆ ಅದೂ ನಿಜ ಇರಬಹುದು. ಯಾವುದು ಮೊದಲು ಬಂತೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಮೂತಿ ಎತ್ತಿ ಪಾದ ಬಿಡಿಸಿದರು. ಅವನನ್ನು ಹುಬ್ಬಳ್ಳಿಗೆ ಒಯ್ದರು. ತಲೆ ಎತ್ತಿ ನೋಡಿದರೆ ಗೌಡರ ಅಳಿಯ ಮುರುಮಿನ ಮೇಲಿಂದ ಪಿನ್ನು ಎತ್ತಿಕೊಂಡು ಹುಕ್ಕಿಗೆ ಇಳಿಸುತ್ತಿದ್ದ. ಅವನಿಗೆ ನಾನು ನೋಡಿದ್ದು ಕಾಣಲಿಲ್ಲ.

ಸಂಜೆಗೆ ಬನ್ನಿ ಹಂಚುವಾಗ ಊರೊಳಗೆ ಒಂದೇ ಮಾತು. ಉಂಗುರ ಕಿತ್ತು ಬಂತಂತೆ. ಬಲಗಡೆ ನಿಂತವರು ಕಂಡದ್ದು ಟ್ರೇಲರು ಬಿಟ್ಟು ಬಂದದ್ದು, ಆಮೇಲೆ ಬೇರೆಯಾಗಿ ಬಿದ್ದಿದ್ದ ಉಂಗುರ. ನಡುವಿನದ್ದನ್ನು ಅವರೇ ತುಂಬಿಕೊಂಡರು. ಬನ್ನಿ ಎಲೆ ಕೈಗೆ ಕೊಟ್ಟ ಮುದುಕರೊಬ್ಬರು, "ಬಂಗಾರದಂಗ ಇರೂಣು ಮಿಸ್ತ್ರಿ. ನೀ ಹೇಳಿದ್ದ ಖರೇ ಆತು ನೋಡು, ಹಗುರ ಗನ್ನು ಹಗುರ ಬೆಸಗಿ" ಎಂದರು. ನನ್ನ ಮಾತು ಊರು ಸುತ್ತಿ ನನ್ನ ಹತ್ತಿರವೇ ಬಂದಿತ್ತು. ನಾನು ಬನ್ನಿ ತೆಗೆದುಕೊಂಡೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮನೆಗೆ ಹೋದರೆ ತೊಟ್ಟಿಲು ತೂಗುತ್ತಿತ್ತು.

ಮರುದಿನ ಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ಟ್ರ್ಯಾಕ್ಟರಿನ ಮೇಲೆ ಬಂದರು. ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತರು. ಅಳಿಯ ಹಿಂದೆ ನಿಂತಿದ್ದ. ಕಡಲೆ ವ್ಯಾಪಾರಿ, ಹಮಾಲರು, ರಸ್ತೆಯಲ್ಲಿ ಹೋಗುವವರು ಎಲ್ಲ ಸೇರಿದರು.

"ಸಾವ್ಕಾರ್ರ, ನಮ್ಮವ್ವ ಬಾಗಲದಾಗ ಇದ್ದಳು. ಒಂದು ಕೈ ಅಳತಿ ತಪ್ಪಿತು. ಈ ಹುಡುಗಾಟದ ಗನ್ನಿನ್ಯಾಗ ಇನ್ನ ಮ್ಯಾಲ ಉಂಗುರ ಹಾಕಬ್ಯಾಡ್ರಿ. ಹಳೇ ಮಿಸ್ತ್ರಿ ಇದ್ದಾನ, ಅವನ ಕೈಲೆ ಹಾಕಸ್ರಿ" ಎಂದರು ಗೌಡರು.

ಸಾವ್ಕಾರ್ರು ನನ್ನನ್ನು ಕರೆದರು. "ನೀ ಎಡಕ ನಿಂತಿದ್ದಿ. ಏನ್ ಕಂಡಿ, ಹೇಳು" ಎಂದರು. ಅವರು ನನ್ನ ಹೊಟ್ಟೆಕಿಚ್ಚನ್ನು ಬಲ್ಲವರು. ಅಲ್ಲಿ ಕೂತವರೆಲ್ಲ ಬಲ್ಲವರು. ಅದಕ್ಕೇ ನನ್ನನ್ನು ಕೇಳಿದರು ಎಂದು ಈಗ ಅನ್ನಿಸುತ್ತದೆ.

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಳ್ಳು ಹೇಳುವ ಕೆಲಸವೂ ಇರಲಿಲ್ಲ. "ಧೂಳಾಗ ಕಾಣಲಿಲ್ರಿ" ಎಂದಿದ್ದರೆ ಉಂಗುರ ನನ್ನ ಕೈಗೆ ವಾಪಸು ಬರುತ್ತಿತ್ತು, ಟವೆಲ್ಲು ಬರುತ್ತಿತ್ತು, ಅವನು ಗುಣವಾಗಿ ಬಂದ ಮೇಲೆ ಕುಂಟೆ ರೆಂಟೆ ರಿಪೇರಿ ಮಾಡಿಕೊಂಡು ಇರುತ್ತಿದ್ದ. ಆ ಮಾತು ನಾಲಿಗೆಯ ಮೇಲೆ ಬಂದಿತ್ತು. ಅದರ ರುಚಿ ಕೂಡ ನನಗೆ ನೆನಪಿದೆ.

ನಾನು ಹಳೆ ಕಬ್ಬಿಣದ ಮೋಡಕಾ ರಾಶಿಗೆ ಹೋಗಿ, ಕತ್ತರಿಸಿ ಒಗೆದಿದ್ದ ಉಂಗುರವನ್ನು ಹುಡುಕಿ ತಂದೆ. ಬೆಂಚಿನ ಮೇಲೆ ಇಟ್ಟು, ಟವೆಲ್ಲಿನಿಂದ ಮಣ್ಣು ಒರೆಸಿದೆ. ಕುಂಕುಮ ಇನ್ನೂ ಇತ್ತು.

"ಗೌಡ್ರ, ಇದು ಉಂಗುರ. ಇದು ಅವನ ಬೆಸಗಿ. ಉಗುರು ಹಾಕಿ ನೋಡ್ರಿ, ಎಲ್ಲೂ ಬಿಟ್ಟಿಲ್ಲ. ಇಲ್ಲಿ ಕತ್ತರಿಸಿದ್ದು ನಾನು. ಕತ್ತರಿಸಿದ್ದು ಹಿಂಗ ಗೀರು ಗೀರು ಇರತೈತಿ, ಕಿತ್ತದ್ದು ಹಿಂಗ ಇರಾಂಗಿಲ್ಲ. ಪಿನ್ನು ಹಾರಿತ್ರಿ. ಕ್ಲಿಪ್ಪು ಇರಲಿಲ್ಲ. ನಾ ಕಂಡೀನಿ. ಟ್ರೇಲರು ನಿಮ್ಮವ್ವನ ಮ್ಯಾಲ ಹೋಗದಂಗ ಹಿಡದದ್ದು ಈ ಬೆಸಗಿ."

ಗೌಡರು ಅಳಿಯನ ಕಡೆ ತಿರುಗಿದರು. ಅವನು ನೆಲ ನೋಡಿದ. ಆಮೇಲೆ ಅಂಗಿಯ ಕಿಸೆಯಿಂದ ಕ್ಲಿಪ್ಪು ತೆಗೆದು ಬೆಂಚಿನ ಮೇಲೆ ಇಟ್ಟ. "ಆರತಿಗೆ ಕರದ್ರಿ ಮಾಮಾ. ಗಡಬಡಿಸಿ ಓಡಿದ್ನಿ. ಕಿಸೇದಾಗ ಉಳೀತು" ಎಂದ.

ಅಂದಿನಿಂದ ಉಂಗುರ ಕಲಘಟಗಿಯವನದು. ನಾನು ಕೊಟ್ಟ ಸಾಕ್ಷಿಯೇ ಅವನಿಗೆ ಹೆಸರು ತಂದಿತು. ಒಂದು ಬೆಸುಗೆಗೆ ತುಂಬಿದ ಟ್ರೇಲರು ಜೋತಾಡಿತ್ತಂತೆ ಎಂದು ಈಗ ಕುಂದಗೋಳದಿಂದಲೂ ಬರುತ್ತಾರೆ. ಅವನ ಪಾದ ಕೂಡಿತು, ಆದರೆ ಕುಂಟು ಉಳಿಯಿತು. ಸ್ಟೂಲಿನ ಮೇಲೆ ಕೂತು, ಜೋತುಬಿದ್ದ ಹಗುರ ಗನ್ನನ್ನು ಎರಡು ಬೆರಳಿನಿಂದ ಎಳೆದುಕೊಂಡು, ಹಾಡುತ್ತ ಬೆಸುಗೆ ಹಾಕುತ್ತಾನೆ. ಮೂತಿಯ ಮೇಲೆ ನಿಲ್ಲಲು ಮಾತ್ರ ಅವನಿಗೆ ಆಗುವುದಿಲ್ಲ.

ಅವನು ಗುಣವಾಗಿ ಬಂದು ಮೊದಲ ಉಂಗುರ ಮುಗಿಸಿದ ದಿನ ಪದ್ಧತಿ ಬಿಡಬೇಕೋ ಎಂಬ ಮಾತು ಬಂತು. ಸಾವ್ಕಾರ್ರು ಒಪ್ಪಲಿಲ್ಲ. ಅವನೇ ಹೇಳಿದ: "ಕಾಕಾ ನಿಂದರ್ಲಿ. ನನ್ನ ಬೆಸಗಿ ನನಗಿಂತ ಹೆಚ್ಚು ಅವರು ನೋಡ್ಯಾರ. ತೂತು ಹುಡಕಿ ಹುಡಕಿ ನೋಡ್ಯಾರ."

ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ನಗಲಿಲ್ಲ. ಹೋಗಿ ಮೊದಲು ಕ್ಲಿಪ್ಪು ಮುಟ್ಟಿ ನೋಡಿದೆ, ಆಮೇಲೆ ಮೂತಿಯ ಮೇಲೆ ಹತ್ತಿ ನಿಂತೆ. ಈಗಲೂ ಪ್ರತಿ ಟ್ರೇಲರಿಗೂ ನಾನೇ ನಿಲ್ಲುತ್ತೇನೆ. ಕುಂಕುಮ ನನ್ನ ಹಣೆಗೆ, ಟವೆಲ್ಲು ಅವನ ಹೆಗಲಿಗೆ ಎಂದು ಸಾವ್ಕಾರ್ರು ಹಂಚಿಕೊಟ್ಟರು. ಅವನ ಬೆಸುಗೆಯ ಮೇಲೆ ನಿಂತಾಗ ನನಗೆ ಹೆದರಿಕೆಯಾಗುವುದಿಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತದೆ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಈಚೆಗೆ ಊರೊಳಗೆ ಮತ್ತೆ ಆ ಹಳೆಯ ಮಾತು ಕೇಳಿಬಂತು, ಉಂಗುರ ಕಿತ್ತು ಬಂದಿತ್ತಂತೆ ಎಂದು. ಅದಕ್ಕೇ ಇದನ್ನು ಬರೆದೆ. ಸಾವ್ಕಾರ್ರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಬೆಂಚಿನ ಮೇಲೆ ಕೂತ ಹಿರಿಯರಿಬ್ಬರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬರು ಇದ್ದಾರೆ, ಆದರೆ ಅವರು ಉಂಗುರ ನೋಡಿದವರೇ ಹೊರತು ಪಿನ್ನು ನೋಡಿದವರಲ್ಲ. ಪಿನ್ನು ಬಿದ್ದಲ್ಲಿಂದ ಎತ್ತಿದ ಅಳಿಯ ಇದ್ದಾನೆ, ಮೊರಬದಲ್ಲಿ ಅದೇ ಟ್ರ್ಯಾಕ್ಟರು ಹೊಡೆಯುತ್ತಾನೆ. ಕಲಘಟಗಿಯವ ಇದ್ದಾನೆ, ಅವನು ಆಗ ಬಲಗಡೆ ಮಂದಿಯ ಕಡೆ ನೋಡುತ್ತಿದ್ದ, ಅವನಿಗೆ ಕಾಣಲಿಲ್ಲ.

ಮತ್ತೊಬ್ಬರು ಇದ್ದಾರೆ. ಟ್ರೇಲರಿನ ಗಾಲಿ ರಿಪೇರಿಗೆಂದು ಮೊರಬಕ್ಕೆ ಹೋದಾಗ ಗೌಡರ ತಾಯಿ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟಳು.

"ಆ ಕಬ್ಬಿಣ ಮಿಡತಿ ಹಾರಿದಂಗ ಹಾರಿತಲ್ಲಪ್ಪಾ, ನಾನೂ ಕಂಡೀನಿ" ಎಂದಳು. "ಕಾಲು ಬ್ಯಾನಿ ಆಗಿ ನಾ ಹೊಸ್ತಲದ ಮ್ಯಾಲ ಕುಂತಿದ್ನಿ. ನಿಂತಾವ್ರಿಗೆ ಕಾಣಲಿಲ್ಲ, ಕುಂತಾಕಿಗೆ ಕಾಣಿಸ್ತು."

"ಮತ್ತ ಆವತ್ತ ಯಾಕ ಹೇಳಲಿಲ್ಲ ಯವ್ವಾ?"

"ನನ್ನ ಯಾರ್ ಕೇಳಿದ್ರು? ಮರುದಿನ ನಾನೂ ಬಂದಿದ್ನಿ. ಟ್ರ್ಯಾಕ್ಟರಿನ ಮ್ಯಾಲ ಕುಂತು ನಿನ್ನ ಮಾರೀನ ನೋಡತಿದ್ನಿ. ನೀ ತಪ್ಪಿ ಹೇಳಿದ್ದಿ ಅಂದ್ರ ನಾ ಇಳದು ಬರ್ತಿದ್ನಿ."

ವಾಪಸು ಬಂದ ಮೇಲೆ ನಾನು ಅಂಗಡಿಯ ಹೊಸ್ತಿಲ ಮೇಲೆ ಕೂತು ನೋಡಿದೆ. ಏರಿಯ ಮೇಲೆ ಒಂದು ಟ್ರೇಲರು ನಿಂತಿತ್ತು. ಕೂತವರಿಗೆ ಅದರ ಹೊಟ್ಟೆಯ ಕೆಳಗಿನಿಂದ ಹುಕ್ಕು, ಪಿನ್ನು ಎರಡೂ ಕಾಣುತ್ತವೆ. ಹಾಗಾದರೆ ಕಂಡವರು ಮೂವರು. ಪಿನ್ನು ಎತ್ತಿದ ಅಳಿಯ, ಎಡಗಡೆ ನಿಂತ ನಾನು, ಹೊಸ್ತಿಲ ಮೇಲೆ ಕೂತ ಆ ತಾಯಿ. ಮೂವರೂ ಇದ್ದೇವೆ. ಆಕೆಗೆ ಈಗ ಕಿವಿ ಮಂದ, ಕಣ್ಣು ಅಗದಿ ಚೊಕ್ಕ.